ರಾತ್ರಿಯಿಡೀ ಹುಣಸೆ ನೀರು ಬೇಡ

ಹಳೇ ದೀಪಾಲೆ ಕಂಬ, ಅಂದರೆ ಹಿತ್ತಾಳೆಯ ಎತ್ತರದ ಎಣ್ಣೆ ದೀಪ, ಹೊಳೆಯೋಕೆ ಅದನ್ನು ಹುಣಸೆ ನೀರಲ್ಲಿ ರಾತ್ರಿಯಿಡೀ ನೆನೆಸಿ ಅಂತ ಒಂದು ಲೇಖನದಲ್ಲಿ ಓದಿದೆ. ದಯವಿಟ್ಟು ಹಾಗೆ ಮಾಡಬೇಡಿ. ಹುಳಿ ಹಿತ್ತಾಳೆಯಲ್ಲಿರೋ ಸತುವನ್ನು ಮೊದಲು ತಿನ್ನುತ್ತೆ, ತಾಮ್ರ ಮಾತ್ರ ಉಳಿದು ಅಲ್ಲಲ್ಲಿ ನಸುಗೆಂಪು ಕಲೆ ಏಳುತ್ತೆ. ಅದನ್ನು ಕೊಳೆ ಅಂದ್ಕೊಂಡು ಮತ್ತೆ ಹುಳಿ ಹಾಕಿದರೆ ಇನ್ನೂ ಜಾಸ್ತಿ.

ಮೊದಲು ಹೋಗಬೇಕಾದ್ದು ಎಣ್ಣೆ ಜಿಡ್ಡು. ತಿರುಪು ಬಿಚ್ಚಿ ತಟ್ಟೆ, ಕಂಬ, ಪೀಠ ಬೇರೆ ಮಾಡಿ. ಬಿಗಿಯಾಗಿದ್ದರೆ ಇಕ್ಕಳ ಹಾಕಬೇಡಿ, ಎರಕದ ಅಂಚು ಸೀಳುತ್ತೆ. ಕುದಿಯೋ ನೀರು ಹೊಯ್ದರೆ ಸಂದಿಯಲ್ಲಿ ಅಂಟಾಗಿ ಕೂತ ಎಣ್ಣೆ ಸಡಿಲವಾಗುತ್ತೆ. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ. ಆಮೇಲೆ ಹುಣಸೆಹಣ್ಣು, ಚಿಟಿಕೆ ಉಪ್ಪು, ತೆಂಗಿನ ನಾರು: ಎರಡು ಮೂರು ನಿಮಿಷ ಸಾಕು. ಸ್ಟೀಲ್ ಸ್ಕ್ರಬ್ಬರ್ ಹತ್ತಿರಕ್ಕೂ ಬೇಡ.

ತೊಳೆದ ತಕ್ಷಣ ಒರೆಸಿ ಬಿಸಿಲಿಗಿಡಿ. ತಿರುಪಿನ ಮರೆಯಲ್ಲಿ ಹುಳಿ, ಉಪ್ಪು ಉಳಿದರೆ ಹಸಿರು ಕಿಲುಬು ಅಲ್ಲಿಂದಲೇ ಶುರು. ತಟ್ಟೆ ಕೆಳಗೆ ಎಣ್ಣೆ ಜಿನುಗ್ತಿದ್ದರೆ ತಿರುಪಿಗೆ ಒಂದೆಳೆ ಹತ್ತಿನೂಲು ಸುತ್ತಿ ಬಿಗಿ ಮಾಡಿ.

ಇನ್ನು ಪಾಲಿಶ್: ನಾಗಮಂಗಲದ ಎರಕದ ಹಳೇ ಕಂಬ ನಿಮ್ಮಲ್ಲಿದ್ದರೆ ಬಫಿಂಗ್ ಚಕ್ರಕ್ಕೆ (ತಿರುಗುತ್ತಾ ಉಜ್ಜಿ ಹೊಳಪು ಕೊಡೋ ಯಂತ್ರ) ಕೊಡಲೇಬೇಡಿ. ಮೇಲಿನ ಹಂಸದ ಕಣ್ಣು, ಗರಿ ಗೀರು ಎಲ್ಲಾ ಸವೆದು ನುಣ್ಣಗಾಗಿ ವಾಪಸ್ ಬರುತ್ತೆ.