ಹಳೆಯ ಲೇತನ್ನು ಬಿಚ್ಚುವ ಮೊದಲು ಒಂದು ಜಾಬ್ ಹಾಕಿ ನೋಡಿ

ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಲೇತಿನ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರದ) ಅಳತೆಯನ್ನು ಬೆಡ್ಡಿನ, ಅಂದರೆ ಅದರ ಉದ್ದನೆಯ ತಳಹದಿಯ, ಉದ್ದದಿಂದ ಹೇಳುವುದು ರೂಢಿ. ನಾಲ್ಕೂವರೆ ಅಡಿಯದು, ಆರಡಿಯದು ಎಂದರೆ ಕೇಳಿದವರಿಗೆ ಯಂತ್ರ ಕಣ್ಣಿಗೆ ಕಟ್ಟುತ್ತದೆ. ನಾನೀಗ ಇರುವ ಅಮೆರಿಕದಲ್ಲಿ ಬೆಡ್ಡಿನ ಮೇಲೆ ತಿರುಗಬಲ್ಲ ಅತಿ ದೊಡ್ಡ ಜಾಬಿನ (ಕಡೆಯಬೇಕಾದ ತುಂಡಿನ) ವ್ಯಾಸವೇ ಲೇತಿನ ಅಳತೆ. ಬ್ರಿಟನ್ನಿನವರಾದರೋ ಬೆಡ್ಡಿನಿಂದ ಸೆಂಟರಿನವರೆಗಿನ, ಅಂದರೆ ಜಾಬ್ ತಿರುಗುವ ಅಕ್ಷದವರೆಗಿನ, ಎತ್ತರವನ್ನು ಹೇಳುತ್ತಾರೆ. ಹೀಗಾಗಿ ಅಲ್ಲಿನ ಮೂರೂವರೆ ಇಂಚಿನ ಮೈಫರ್ಡ್ ಎಂಎಲ್7 ಲೇತ್ ಇಲ್ಲಿನ ಲೆಕ್ಕದಲ್ಲಿ 7 ಇಂಚಿನದಾಗುತ್ತದೆ. ಆದರೆ ಅಳತೆಯ ಈ ಗೊಂದಲ ಒಂದು ದಿನದಲ್ಲಿ ಬಗೆಹರಿಯುವಂಥದ್ದು. ಯಂತ್ರವನ್ನು ನೋಡುವ ಕಣ್ಣಿನಲ್ಲಿರುವ ವ್ಯತ್ಯಾಸ ಅಷ್ಟು ಸುಲಭವಾಗಿ ಬಗೆಹರಿಯದು.

ಇಲ್ಲಿನ ಹವ್ಯಾಸಿಯೊಬ್ಬ 9 ಇಂಚಿನ ಹಳೆಯ ಸೌತ್ ಬೆಂಡ್ ಲೇತನ್ನು ಮನೆಗೆ ತಂದರೆ, ಅದರ ಕೊನೆಯ ಸ್ಕ್ರೂವಿನವರೆಗೂ ಬಿಚ್ಚಿ, ಬಣ್ಣ ಕೆರೆದು, ಹೊಸ ಬಣ್ಣ ಬಳಿಯುವ ಯೋಚನೆಯನ್ನೇ ಮೊದಲು ಮಾಡುತ್ತಾನೆ. ಎರಡು ವರ್ಷ ಕಳೆದರೂ ಬಿಡಿಭಾಗಗಳು ಡಬ್ಬಗಳಲ್ಲೇ ಉಳಿದಿರುವುದನ್ನು ನಾನು ಕಂಡಿದ್ದೇನೆ. ಲೇತ್ ನಡೆಸಿ ಬದುಕುವ ನಮ್ಮ ಕಡೆಯ ಟರ್ನರನಿಗೆ ಆ ಸೌಲಭ್ಯವಿಲ್ಲ. ಯಂತ್ರ ಒಂದು ದಿನ ನಿಂತರೆ ಅಂದಿನ ಸಂಪಾದನೆಯೂ ನಿಲ್ಲುತ್ತದೆ. ಆದ್ದರಿಂದ ಅವನು ಎಣ್ಣೆ ಬಿಟ್ಟು, ಚಕ್ಕಿಗೆ (ಜಾಬನ್ನು ಹಿಡಿದು ತಿರುಗಿಸುವ ಭಾಗಕ್ಕೆ) ಜಾಬ್ ಕಚ್ಚಿಸಿ, ಒಂದು ಕಟ್ ಕೊಟ್ಟು, ಸದ್ದನ್ನೂ ಮೇಲ್ಮೈಯನ್ನೂ ಗಮನಿಸಿ ತೀರ್ಮಾನಕ್ಕೆ ಬರುತ್ತಾನೆ. ಈ ವಿಷಯದಲ್ಲಿ ನಾನು ಪೂರ್ತಿಯಾಗಿ ಟರ್ನರನ ಪಕ್ಷ. ಕಾರಣ ಸರಳ: ಬಿಚ್ಚುವ ಮೊದಲು ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ತಿಳಿಯದಿದ್ದರೆ, ಜೋಡಿಸಿದ ಮೇಲೆ ಕಾಣುವ ದೋಷ ಹಳೆಯ ಸವೆತದ್ದೋ ನಮ್ಮ ಕೈಯ ತಪ್ಪಿನದೋ ಎಂದು ಹೇಳಲಾಗದು. ಇನ್ನು ಬೆಡ್ಡನ್ನು ಹೊಳೆಯಿಸಲೆಂದು ಎಮರಿ ಕಾಗದ ಹಿಡಿಯುವವರಿಗೆ ನನ್ನ ವಿನಂತಿ ಒಂದೇ, ದಯವಿಟ್ಟು ಸೀಮೆಎಣ್ಣೆ ಹಾಕಿ ಬಟ್ಟೆಯಿಂದ ಒರೆಸುವುದಕ್ಕೇ ನಿಲ್ಲಿಸಿ.

ಕೊಳ್ಳುವ ಮೊದಲು ನೋಡಬೇಕಾದ ಮುಖ್ಯ ಜಾಗ ಚಕ್ಕನ್ನು ತಿರುಗಿಸುವ ಹೆಡ್‌ಸ್ಟಾಕಿನ ಪಕ್ಕದ ಬೆಡ್. ಕೆಲಸ ಬಹುಪಾಲು ಚಕ್ಕಿನ ಬಳಿಯೇ ನಡೆಯುವುದರಿಂದ ಸವೆತವೂ ಅಲ್ಲೇ ಹೆಚ್ಚು. ಟೂಲನ್ನು ಹೊತ್ತು ಬೆಡ್ಡಿನ ಮೇಲೆ ಸರಿಯುವ ಕ್ಯಾರೇಜನ್ನು ಅಲ್ಲಿ ನಿಲ್ಲಿಸಿ, ತುಸು ಬಿಗಿಯಾಗಿ ಸರಿಯುವಂತೆ ಹೊಂದಿಸಿ, ಇನ್ನೊಂದು ತುದಿಯ ಟೇಲ್‌ಸ್ಟಾಕಿನ ಕಡೆಗೆ ಒಯ್ಯಿರಿ. ಮಧ್ಯದಲ್ಲೆಲ್ಲೋ ಸಿಕ್ಕಿಕೊಂಡರೆ ಬೆಡ್ ಎಷ್ಟು ಸವೆದಿದೆಯೆಂಬುದು ಕೈಗೇ ತಿಳಿಯುತ್ತದೆ. ಹ್ಯಾಂಡಲ್ಲಿನಲ್ಲಿರುವ ಪ್ಲೇ (ಟೂಲ್ ಸರಿಯುವ ಮುನ್ನ ಅದು ಸುಮ್ಮನೆ ತಿರುಗುವ ಸಡಿಲ) ಕಂಡು ಹೊಸಬರು ಗಾಬರಿಯಾಗುತ್ತಾರೆ, ಆದರೆ ಅದು ಅಂಥ ದೊಡ್ಡ ದೋಷವಲ್ಲ. ಟೂಲನ್ನು ಸದಾ ಒಂದೇ ದಿಕ್ಕಿನಿಂದ ತಂದು ಅಳತೆಗೆ ನಿಲ್ಲಿಸುವ ಅಭ್ಯಾಸವಿದ್ದರೆ ಸಾಕು. ಹಲ್ಲು ಮುರಿದ ಗೇರು ಮಾತ್ರ ಗಂಭೀರ. ಸ್ಪಿಂಡಲ್ಲಿಗೆ (ಹೆಡ್‌ಸ್ಟಾಕಿನ ತಿರುಗುವ ದಂಡಕ್ಕೆ) ತಿರುಪಿ ಕೂರಿಸಿದ ಚಕ್ ಕಚ್ಚಿಕೊಂಡಾಗ, ವೇಗ ತಗ್ಗಿಸುವ ಬ್ಯಾಕ್ ಗೇರನ್ನು ಲಾಕ್ ಮಾಡಿ ಜಗ್ಗುವವರಿಂದಲೇ ಎಷ್ಟೋ ಹಲ್ಲುಗಳು ಹೋಗಿರುತ್ತವೆ.

ಮಿಲಿಮೀಟರಿನಲ್ಲಿ ಯೋಚಿಸುವ ನಮ್ಮಂಥವರು, ಸ್ಕ್ರೂವಿನ ತ್ರೆಡ್ ಕೊರೆಯಲು ಬದಲಿಸಿ ಹಾಕುವ ಚೇಂಜ್ ಗೇರುಗಳನ್ನು ತಪ್ಪದೆ ಎಣಿಸಬೇಕು. ಒಂದು ಇಂಚು 25.4 ಮಿಲಿಮೀಟರ್, ಅದರ ಐದರಷ್ಟು 127. ತ್ರೆಡ್ ಕೊರೆಯುವಾಗ ಕ್ಯಾರೇಜನ್ನು ಎಳೆಯುವ ಲೀಡ್ ಸ್ಕ್ರೂ ಇಂಚಿನದಾಗಿರುವ ಲೇತಿನಲ್ಲಿ ಮೆಟ್ರಿಕ್ ತ್ರೆಡ್ ಕರಾರುವಾಕ್ಕಾಗಿ ಬರಬೇಕಾದರೆ 127 ಹಲ್ಲಿನ ಗೇರು ಬೇಕಾಗುವುದು ಈ ಲೆಕ್ಕದಿಂದಲೇ.

ಯಂತ್ರವನ್ನು ಕೂರಿಸುವ ಕೆಲಸದಲ್ಲಿ ಮಾತ್ರ ನಾನು ಇಲ್ಲಿನವರಿಂದ ಕಲಿತೆ. ನಾನು ನೋಡಿದ ನಮ್ಮ ವರ್ಕ್‌ಶಾಪುಗಳಲ್ಲಿ ಬೋಲ್ಟ್ ಬಿಗಿದರೆ ಕೆಲಸ ಮುಗಿಯಿತು. ಬೆಡ್ ತಿರುಚಿಕೊಂಡಿದೆಯೇ ಎಂದು ಯಾರೂ ಅಳೆಯುತ್ತಿರಲಿಲ್ಲ. ಅಷ್ಟು ದಪ್ಪದ ಎರಕದ ಕಬ್ಬಿಣ ತಿರುಚುವುದುಂಟೇ ಎಂದು ನಾನೂ ನಕ್ಕಿದ್ದೆ. ಸಮಮಟ್ಟವಾಗಿರುವುದು ನಿಜಕ್ಕೂ ಮುಖ್ಯವಲ್ಲ, ಏಕೆಂದರೆ ತೂಗಾಡುವ ಹಡಗಿನಲ್ಲಿಯೂ ಲೇತ್ ಸರಿಯಾಗಿ ಕೆಲಸ ಮಾಡುತ್ತದೆ, ತಿರುಚದಿರುವುದು ಮುಖ್ಯ. ಅದನ್ನು ಪರೀಕ್ಷಿಸಲು, ಚಕ್ಕಿನಿಂದ ಒಂದು ಗೇಣಿನಷ್ಟು ಹೊರಚಾಚಿದ ದಪ್ಪ ಸರಳಿನ ಎರಡೂ ತುದಿಯಲ್ಲಿ ಪಟ್ಟಿಗಳನ್ನು ಬಿಟ್ಟು ನಡುವನ್ನು ತೆಳುವಾಗಿಸಿ, ಟೇಲ್‌ಸ್ಟಾಕಿನ ಆಸರೆಯಿಲ್ಲದೆ, ಟೂಲನ್ನು ಒಳಗೆ ಹೊರಗೆ ಸರಿಸುವ ಕ್ರಾಸ್ ಸ್ಲೈಡನ್ನು ಮುಟ್ಟದೆ, ಎರಡೂ ಪಟ್ಟಿಗಳ ಮೇಲೆ ಒಂದೇ ಹಗುರ ಕಟ್ ಕೊಟ್ಟು ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ಹೊರತುದಿಯ ಪಟ್ಟಿ ದಪ್ಪವಿದ್ದರೆ, ಟೇಲ್‌ಸ್ಟಾಕಿನ ಕಡೆಯ ಮುಂಗಾಲಿಗೆ ತೆಳ್ಳನೆಯ ತಗಡಿನ ಪ್ಯಾಕಿಂಗ್ ಕೊಟ್ಟು ಮತ್ತೆ ಕಟ್ ಕೊಡಬೇಕು, ಸಣ್ಣದಿದ್ದರೆ ಹಿಂಗಾಲಿಗೆ. ನನಗೆ ಇದಕ್ಕೆ ಒಂದಿಡೀ ಭಾನುವಾರ ಹಿಡಿಯಿತು. ಮರದ ಮೇಜಿನ ಮೇಲೆ ಕೂರಿಸಿದವರು ಕೆಲವು ವಾರಗಳ ನಂತರ ಇದನ್ನೇ ಮತ್ತೊಮ್ಮೆ ಮಾಡಬೇಕಾಗುತ್ತದೆ, ಏಕೆಂದರೆ ಹವೆಯ ತೇವ ಬದಲಾದಂತೆ ಮರ ಹಿಗ್ಗಿ ಕುಗ್ಗಿ ಬೆಡ್ಡನ್ನೂ ತನ್ನೊಡನೆ ಎಳೆಯುತ್ತದೆ.