ಗೋತ್ರ: 32770

ಸೆಪ್ಟೆಂಬರ್ 30 ಹತ್ತಿರ ಬಂತೆಂದರೆ ಆಡಿಟರ್ ಆಫೀಸಿನವರ ಮುಖ ನೋಡಬಾರದು. ಟ್ಯಾಕ್ಸ್ ಆಡಿಟ್ ವರದಿ ಕೊಡಲು ಅದೇ ಕೊನೆ ದಿನ. ದಾವಣಗೆರೆಯ ನಮ್ಮ ಆಫೀಸಿನಲ್ಲಿ ಆ ವರ್ಷ ನನ್ನ ಪಾಲಿಗೆ ಬಂದದ್ದು ಒಬ್ಬ ಬೀಜ-ಗೊಬ್ಬರದ ಹೋಲ್‌ಸೇಲ್ ವ್ಯಾಪಾರಿಯ ಲೆಕ್ಕ. ಅವರಿಗೆ ದುಡ್ಡು ಕೊಡಬೇಕಾದ 312 ಅಂಗಡಿಗಳ ಲೆಡ್ಜರ್ ಒಂದೊಂದಾಗಿ ತೆಗೆದು, ಪಿಡಿಎಫ್ ಮಾಡಿ, ‘ಈ ಬಾಕಿ ಸರಿಯಿದೆಯೇ’ ಎಂದು ಎಲ್ಲರಿಗೂ ಕಳಿಸಬೇಕು. ಮಂಡಕ್ಕಿ ತಿನ್ನುವ ಕೈಯಲ್ಲಿ 312 ಸಲ ಒಂದೇ ಬಟನ್ ಒತ್ತುವುದು ಯಾಕೆಂದು, ನಮ್ಮ ಬದಲು ತಾನೇ ಬಟನ್ ಒತ್ತುವ ಆಟೋಹಾಟ್‌ಕೀ ಎಂಬ ಸಾಫ್ಟ್‌ವೇರಿನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ರಾತ್ರಿ ಎಂಟಕ್ಕೆ ಚಾಲೂ ಮಾಡಿ, “ಬೆಳಿಗ್ಗೆ ಎಲ್ಲಾ ರೆಡಿ ಇರ್ತಾವ್ ಸರ್” ಅಂತ ಹೇಳಿ ಮನೆಗೆ ಹೋದೆ.

ಬೆಳಿಗ್ಗೆ ನೋಡಿದರೆ ಆಗಿದ್ದು 41. ಪರದೆಯ ನಟ್ಟನಡುವೆ ಒಂದು ಸಣ್ಣ ಬಾಕ್ಸ್: ‘ಈ ಹೆಸರಿನ ಫೈಲ್ ಆಗಲೇ ಇದೆ. ಹಳೆಯದನ್ನು ತೆಗೆದು ಇದನ್ನಿಡಲೇ?’ ಯೆಸ್, ನೋ.

ಇಂಥ ಬಾಕ್ಸಿನ ಸ್ವಭಾವ ಹೊಸ್ತಿಲಿಗೆ ಅಡ್ಡ ಕೂತ ಅಜ್ಜಿಯದು. ಕೇಳಿದ್ದಕ್ಕೆ ಉತ್ತರ ಕೊಡದೆ ಯಾರನ್ನೂ ಒಳಗೆ ಬಿಡುವುದಿಲ್ಲ. ನನ್ನ ಸ್ಕ್ರಿಪ್ಟಿಗೋ, ನಾನು ಕೊಟ್ಟಿದ್ದ ಆಜ್ಞೆ ‘ವಿನ್‌ವೈಟ್’. ಅಂದರೆ, ಮುಂದಿನ ವಿಂಡೋ ಬರುವ ತನಕ ಕಾಯಿ. ಎಷ್ಟು ಸೆಕೆಂಡು ಅಂತ ಹೇಳದಿದ್ದರೆ ಅದು ಕಲ್ಪಾಂತರದ ತನಕ ಕಾಯುತ್ತದೆ. ನಾನು ಹೇಳಿರಲಿಲ್ಲ. ರಾತ್ರಿಯಿಡೀ ಎರಡೂ ಎದುರುಬದುರು ಕೂತಿದ್ದವು.

ಇದಕ್ಕೊಂದು ಉಪಾಯ ಹುಡುಕಿದೆ. ವಿಂಡೋಸಿನಲ್ಲಿ ಇಂಥ ಬಾಕ್ಸುಗಳಿಗೆಲ್ಲ ಒಳಗೊಂದು ಗುರುತಿನ ಸಂಖ್ಯೆ ಇರುತ್ತದೆ: 32770. ಒಂಥರಾ ಗೋತ್ರ ಅನ್ನಿ. ಸೆಕೆಂಡಿಗೊಮ್ಮೆ ಎದ್ದು ನೋಡು, ಈ ಗೋತ್ರದವರು ಯಾರೇ ಎದುರಾದರೂ ಎಂಟರ್ ಒತ್ತು ಎಂದು ಒಂದು ಟೈಮರ್ ಸೇರಿಸಿದೆ.

ಸೇವ್ ಮಾಡುವ ಬಾಕ್ಸೂ ಅದೇ ಗೋತ್ರದ್ದು ಅನ್ನುವುದು ಆಗ ಹೊಳೆದಿರಲಿಲ್ಲ. ‘ತೆಗೆದು ಇಡಲೇ’ ಬಾಕ್ಸಿನಲ್ಲಿ ಎಂಟರ್ ಒತ್ತಿದರೆ ಬೀಳುವುದು ‘ನೋ’ಗೆ ಅನ್ನುವುದೂ ಗೊತ್ತಿರಲಿಲ್ಲ. ಎಂಟರ್, ಸೇವ್. ಇಡಲೇ? ಎಂಟರ್, ಬೇಡ. ಹಾಗಾದರೆ ಸೇವ್? ಎಂಟರ್. ಇಡಲೇ? ಬೇಡ. ಮದುವೆ ಮನೆಯಲ್ಲಿ “ಇನ್ನೊಂದು ಹೋಳಿಗೆ”, “ಬ್ಯಾಡ್ರಿ”, “ಒಂದೇ ಒಂದು” ಅಂದ ಹಾಗೆ ಬೆಳತನಕ ನಡೆದಿತ್ತು. ನಾನು ಬಂದಾಗಲೂ ಬಾಕ್ಸ್ ಮಿಣಿಮಿಣಿ ಅನ್ನುತ್ತಲೇ ಇತ್ತು. ಕಸ ಗುಡಿಸುವ ಅಕ್ಕ ಪೊರಕೆ ಹಿಡಿದು ದೂರ ನಿಂತಿದ್ದರು. “ನಾನೇನ್ ಮುಟ್ಟಿಲ್ಲಣ್ಣ” ಅಂದರು. ಅವರ ಭಯಕ್ಕೆ ಕಾರಣ ಇತ್ತು. ಹಿಂದೊಮ್ಮೆ ಕೀಬೋರ್ಡ್ ಒರೆಸುವಾಗ ಶಿಫ್ಟ್ ಕೀ ಐದು ಸಲ ಬಿದ್ದು, ‘ಸ್ಟಿಕಿ ಕೀಸ್ ಬೇಕೇ’ ಎಂಬ ಬಾಕ್ಸ್ ಟಣ್ ಅಂತ ಎದ್ದಿತ್ತು.

ಮೂರನೇ ರಾತ್ರಿ ಎಂಟರ್ ಬಿಟ್ಟು ಆಲ್ಟ್ ಜೊತೆ ವೈ. ಏನೇ ಕೇಳಲಿ, ಯೆಸ್. ಬೆಳಿಗ್ಗೆ ಕೆಲಸ ಪೂರ್ತಿ ಮುಗಿದಿತ್ತು. ಸರ್ ಬೆನ್ನು ತಟ್ಟಿದರು. ಅವತ್ತೇ ಎಲ್ಲರಿಗೂ ಮೇಲ್ ಹೋಯಿತು.

ಮರುದಿನ ಹರಿಹರದ ಕಡೆಯಿಂದ ಒಬ್ಬ ಅಂಗಡಿಯವರ ಫೋನು. “ಏನ್ ಸರ್ ಇದು, ನಾನು ನಾಕು ಲಕ್ಷ ಕೊಡಬೇಕು ಅಂತ ಕಳ್ಸೀರಿ? ನಾನು ವರ್ಷಕ್ಕೆ ತಗೊಳ್ಳೋದೇ ಅರವತ್ತು ಸಾವಿರದ್ದು ಗೊಬ್ಬರ!”

ಎಣಿಸಿದೆ. ಅಂಗಡಿ 312, ಫೈಲು 309. ನಮ್ಮ ಸೀಮೆಯಲ್ಲಿ ಗೊಬ್ಬರದ ಅಂಗಡಿಗಳೆಲ್ಲ ದೇವರ ಹೆಸರಲ್ಲೇ ಇರುವುದು. ಪಟ್ಟಿಯಲ್ಲಿ ಮಂಜುನಾಥ ಸ್ವಾಮಿ ಮೂವರಿದ್ದರು, ಬಸವೇಶ್ವರರು ಇಬ್ಬರು. ಫೈಲಿಗೆ ನಾನು ಕೊಟ್ಟದ್ದು ಅಂಗಡಿಯ ಹೆಸರು ಮಾತ್ರ. ಮೊದಲ ರಾತ್ರಿ ಆ ಬಾಕ್ಸ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ಆಫೀಸಿನಲ್ಲಿ ಅವತ್ತು ತಲೆ ಓಡಿಸಿದ್ದು ಅದೊಂದೇ. ಅದರ ಬಾಯಿ ಮುಚ್ಚಿಸಲು ನಾನು ಎರಡು ದಿನ ಒದ್ದಾಡಿದ್ದೆ.

ಕ್ಷಮೆ ಕೇಳಿ ಐದು ಮೇಲ್ ಬರೆದಾಯಿತು. ಫೈಲಿನ ಹೆಸರಿಗೆ ಜಿಎಸ್‌ಟಿ ನಂಬರ್ ಸೇರಿಸಿದೆ. 29ರಿಂದ ಶುರುವಾಗುವ 15 ಅಕ್ಷರ, ಒಬ್ಬರದು ಇನ್ನೊಬ್ಬರಿಗಿಲ್ಲ. ವಿನ್‌ವೈಟಿಗೆ ಹತ್ತು ಸೆಕೆಂಡಿನ ಗಡುವು ಹಾಕಿದೆ. ಎಲ್ಲದಕ್ಕೂ ಹೂಂಗುಟ್ಟುವ ಟೈಮರನ್ನು ಕಿತ್ತುಹಾಕಿದೆ. ಅದಿದ್ದರೂ ಎಲ್ಲ ಕಡೆ ನಡೆಯುತ್ತಿರಲಿಲ್ಲ ಅನ್ನಿ: ಪರದೆ ಮಬ್ಬಾಗಿ ‘ಈ ಪ್ರೋಗ್ರಾಂಗೆ ಅನುಮತಿ ಕೊಡುತ್ತೀರಾ’ ಎಂದು ವಿಂಡೋಸ್ ಕೇಳುತ್ತದಲ್ಲ, ಅಲ್ಲಿಗೆ ಸ್ಕ್ರಿಪ್ಟಿನ ಕೈ ತಲುಪುವುದೇ ಇಲ್ಲ. ಬೇಕೆಂದೇ ಹಾಗೆ ಮಾಡಿಟ್ಟಿದ್ದಾರೆ. ನನ್ನಂಥವರು ಇರುತ್ತಾರೆಂದು ಅವರಿಗೆ ಗೊತ್ತಿತ್ತೋ ಏನೋ. ಈಗ ಗುರುತಿಲ್ಲದ ಬಾಕ್ಸ್ ಎದ್ದರೆ ಸ್ಕ್ರಿಪ್ಟ್ ಅದರ ಫೋಟೋ ತೆಗೆದು ನನ್ನ ಫೋನಿಗೆ ಕಳಿಸಿ, ಸುಮ್ಮನೆ ನಿಲ್ಲುತ್ತದೆ.

ಅವತ್ತು ರಾತ್ರಿ ಎರಡೂ ಮುಕ್ಕಾಲಿಗೆ ಫೋನು ಗುಂಯ್ ಅಂತು. ಕಣ್ಣುಜ್ಜಿಕೊಂಡು ನೋಡಿದೆ. ‘ಈ ಹೆಸರಿನ ಫೈಲ್ ಆಗಲೇ ಇದೆ.’ ಜಿಎಸ್‌ಟಿ ಮಾಡಿಸದ ಸಣ್ಣ ಅಂಗಡಿಗಳೂ ಇರುತ್ತವೆ, ಅವರ ನಂಬರಿನ ಜಾಗ ಖಾಲಿ ಅನ್ನುವುದನ್ನು ಮರೆತಿದ್ದೆ.

ಮಗ್ಗುಲಲ್ಲಿ ಹೆಂಡತಿಗೆ ಎಚ್ಚರವಾಯಿತು. “ಯಾರ್ರೀ, ಇಷ್ಟೊತ್ನಾಗೆ?”

“ಆಫೀಸಿನ ಕಂಪ್ಯೂಟರು. ಏನೋ ಕೇಳ್ತೈತಿ.”

“ಹೂಂ ಅಂದು ಮಲ್ಕೊಳ್ರಿ.”