ಹಾಳೆಯ ಇನ್ನೊಂದು ಮಗ್ಗುಲು

ಕಾಗದದ ಒಂದೇ ಮಗ್ಗುಲಲ್ಲಿ, ಅಂಚಿಗೆ ಸಾಕಷ್ಟು ಜಾಗ ಬಿಟ್ಟು, ಸ್ಫುಟವಾದ ಅಕ್ಷರದಲ್ಲಿ ಬರೆದು ಕಳುಹಿಸಬೇಕೆಂದು ಪತ್ರಿಕೆಗಳು ಲೇಖಕರಿಗೆ ಅಪ್ಪಣೆ ಕೊಡಿಸುತ್ತಿದ್ದ ಕಾಲದಲ್ಲಿ ನಾನು ಬರೆಯಲು ಆರಂಭಿಸಿದೆ. ಪಟ್ಟಣದ ಲೇಖಕರಿಗೆ ಇದು ಸಾಧಾರಣ ಸೂಚನೆಯಾಗಿ ಕಂಡಿರಬಹುದು. ಆದರೆ ಸಾಗರ–ಸಿರ್ಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ, ಮದುವೆ ಕರೆಯೋಲೆಯ ಖಾಲಿ ಬದಿಯಲ್ಲಿ ಹಾಲಿನ ಲೆಕ್ಕ ಬರೆದು, ಹಿಂಡಿ ಚೀಲದ ಹೊಲಿಗೆಯ ದಾರವನ್ನೂ ಬಿಚ್ಚಿ ಸುತ್ತಿಟ್ಟುಕೊಳ್ಳುವ ಮನೆಯಲ್ಲಿ, ಒಂದು ಮಗ್ಗುಲು ಪೂರ್ತಿ ಖಾಲಿಯಿರುವ ಹಾಳೆಗಳ ಕಟ್ಟು ಜಗಲಿಯ ಮೇಜಿನ ಮೇಲೆ ಬಿದ್ದುಕೊಂಡಿದ್ದರೆ ಏನಾದೀತು ಎಂದು ಆ ಸೂಚನೆ ಬರೆದವರು ಯೋಚಿಸಿರಲಾರರು. ಎದುರಿನ ಮಗ್ಗುಲಲ್ಲಿ ನನ್ನ ನಾಯಕಿ ವಿರಹದಿಂದ ನರಳುತ್ತಿದ್ದರೆ, ಅವಳ ಬೆನ್ನಿಗೆ ಅಡಿಕೆ ಗೊನೆ ಕೊಯ್ಯುವ ಕೊನೆಗಾರ ತೆಗೆದುಕೊಂಡ ಮುಂಗಡ, ಗಬ್ಬದ ಹಸುವಿನ ದಿನದ ಲೆಕ್ಕ, ಮಗ ಹಾಕಿ ತಪ್ಪಿಸಿದ ಭಾಗಾಕಾರ ಎಲ್ಲವೂ ಬಂದು ಕೂರುತ್ತಿದ್ದವು. ಹೆಂಡತಿಯನ್ನು ಕೇಳಿದರೆ, ‘ನೀವು ಬರೆದದ್ದರ ಮೇಲೆ ನಾವೇನೂ ಬರೆದಿಲ್ಲವಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ನ್ಯಾಯವಾದ ಮಾತು, ನಾನು ಸುಮ್ಮನಾಗುತ್ತಿದ್ದೆ.

ಇದರಿಂದ ಆದ ಅನಾಹುತಗಳಲ್ಲಿ ನನ್ನ ಹೆಸರನ್ನು ನಾಲ್ಕು ಜನರಿಗೆ ಮುಟ್ಟಿಸಿದ್ದು ಒಂದೇ ಒಂದು. ಮಳೆಗಾಲ ಎದುರಿಗಿದ್ದಾಗ ಬರೆದ ಪ್ರೇಮಕತೆಯೊಂದನ್ನು ವಾರಪತ್ರಿಕೆಯೊಂದಕ್ಕೆ ಕಳುಹಿಸಿದ್ದೆ. ಅದರಲ್ಲಿ ಒಂದು ಪುಟವು, ‘ನಮ್ಮಿಬ್ಬರ ಬಾಳು ಇನ್ನು ಹೇಗೆ?’ ಎಂದು ನಾಯಕ ಕೇಳುವಲ್ಲಿಗೆ ಮುಗಿಯುತ್ತಿತ್ತು. ಆ ಹಾಳೆಯ ಬೆನ್ನಿನ ಮೇಲೆ ಅಪ್ಪಯ್ಯ ಅಡಿಕೆಗೆ ಹೊಡೆಯುವ ಔಷಧಿಯ ಅಳತೆಯನ್ನು ಆಳಿಗೆ ಓದಿ ಹೇಳಲೆಂದು ಗುಂಡಾದ ಅಕ್ಷರಗಳಲ್ಲಿ, ‘ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ನಾಳೆ ಬಿಸಿಲು ಬಿದ್ದರೆ ಮಾತ್ರ’ ಎಂದು ಬರೆದಿಟ್ಟಿದ್ದರು. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುವ ಪುಣ್ಯಾತ್ಮನಿಗೆ ನನ್ನ ಅಕ್ಷರಕ್ಕಿಂತ ಅಪ್ಪಯ್ಯನ ಅಕ್ಷರವೇ ಹೆಚ್ಚು ಸ್ಫುಟವಾಗಿ ಕಂಡಿರಬೇಕು. ಕತೆ ಅಚ್ಚಾಗಿ ಬಂದಾಗ ನಾಯಕನ ಪ್ರಶ್ನೆಗೆ ನಾಯಕಿ ಕೊಟ್ಟ ಉತ್ತರ ಅದೇ ಆಗಿತ್ತು. ಆಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಿದ್ದಳು.

ನಾನು ಮುಖ ತೋರಿಸುವುದು ಹೇಗೆಂದು ಚಿಂತೆ ಮಾಡುತ್ತಿದ್ದರೆ, ತಾಲ್ಲೂಕು ಕೇಂದ್ರದ ಸಾಹಿತ್ಯಗೋಷ್ಠಿಯೊಂದರಲ್ಲಿ ಹಿರಿಯ ವಿಮರ್ಶಕರು ಆ ಸಾಲನ್ನೇ ಎತ್ತಿಕೊಂಡು, ಆಮ್ಲ ಮತ್ತು ಕ್ಷಾರಗಳ ಸಮತೋಲನದಲ್ಲಿ ದಾಂಪತ್ಯವನ್ನು ಕಂಡ ನವ್ಯ ಪ್ರತಿಮೆಯೆಂದು ಬಣ್ಣಿಸಿದರು. ‘ನಾಳೆ ಬಿಸಿಲು ಬಿದ್ದರೆ ಮಾತ್ರ’ ಎಂಬಲ್ಲಿ ಅವರಿಗೆ ಅಸ್ತಿತ್ವವಾದವೂ ಕಂಡಿತು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡದ್ದನ್ನು ಸಭೆಯು ವಿನಯವೆಂದು ತಿಳಿಯಿತು. ಅದಕ್ಕಿಂತ ಮುಖ್ಯವಾದ ವಿಮರ್ಶೆ ಅಂಚೆಯಲ್ಲಿ ಬಂತು. ತೀರ್ಥಹಳ್ಳಿ ಕಡೆಯ ಕೃಷಿಕರೊಬ್ಬರು ಕಾರ್ಡಿನ ಅಂಚಿನವರೆಗೂ ಬರೆದಿದ್ದರು: ನಾಯಕಿ ಹೇಳಿದ ಅಳತೆ ಸರಿ, ಆದರೆ ಕ್ರಮವನ್ನು ಹೇಳಿಲ್ಲ. ತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆಯಾಗಿ ಐವತ್ತೈವತ್ತು ಲೀಟರ್ ನೀರಿನಲ್ಲಿ ಕರಗಿಸಿಕೊಳ್ಳಬೇಕು. ಸುಣ್ಣದ ತಿಳಿಹಾಲಿಗೆ ತುತ್ತದ ನೀರನ್ನು ನಿಧಾನವಾಗಿ ಹೊಯ್ಯುತ್ತ ಕದಡಬೇಕು. ಕಬ್ಬಿಣದ ಪಾತ್ರೆ ಕೂಡದು. ಕೊನೆಗೆ ಉಜ್ಜಿ ತೊಳೆದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಹಿಡಿದು, ಅಲಗಿನ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಸೇರಿಸಬೇಕು, ಇಲ್ಲವಾದರೆ ಎಳೆಗಾಯಿ ಸುಟ್ಟುಹೋಗುತ್ತದೆ. ಇಷ್ಟೂ ತಿಳಿಯದ ನಿಮ್ಮ ನಾಯಕನಿಗೆ ಹುಡುಗಿಯನ್ನು ಕೊಡುವುದಕ್ಕೆ ಮೊದಲು ಅವಳ ತಂದೆ ವಿಚಾರ ಮಾಡಲಿ ಎಂದು ಅವರು ಮುಗಿಸಿದ್ದರು. ಆ ಕಾರ್ಡನ್ನು ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಅಷ್ಟು ಶ್ರದ್ಧೆಯಿಂದ ನನ್ನ ಕತೆಯನ್ನು ಓದಿದವರು ಇನ್ನೊಬ್ಬರಿಲ್ಲ.

ಅಪ್ಪಯ್ಯನ ಅಭಿಪ್ರಾಯ ಬೇರೆಯದೇ ಆಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಕೋಲ್ಮನ್ ಸಾಹೇಬರು ಅಡಿಕೆಯ ಕೊಳೆರೋಗಕ್ಕೆ ಈ ತುತ್ತ–ಸುಣ್ಣದ ಬೋರ್ಡೋ ದ್ರಾವಣವೇ ಮದ್ದೆಂದು ತೋರಿಸಿಕೊಟ್ಟ ಮೇಲೂ, ಮಳೆಗಾಲ ಬಂತೆಂದರೆ ಮರ ಹತ್ತಿಸಿ, ಅಡಿಕೆ ಗೊನೆಗೆ ಮಳೆನೀರು ತಾಗದಂತೆ ಕೊಟ್ಟೆಯ ಹೊದಿಕೆ ಕಟ್ಟಿಸುವುದನ್ನು ಬಿಡದಿದ್ದ ಹಿರಿಯರ ನಡುವೆ ಬೆಳೆದು, ಅವರೊಡನೆ ಜಗಳವಾಡಿ ಔಷಧಿ ಹೊಡೆಯುವುದನ್ನು ಮನೆಗೆ ತಂದವರು ಅವರು. ಕತೆಯನ್ನು ಕನ್ನಡಕ ಏರಿಸಿ ಓದಿ ಮುಗಿಸಿ, ‘ಇಷ್ಟು ವರ್ಷದಲ್ಲಿ ನೀನು ಬರೆದದ್ದರೊಳಗೆ ಉಪಯೋಗಕ್ಕೆ ಬರುವ ಮಾತೊಂದು ಇದೇ ಮೊದಲು’ ಎಂದರು.

ಆಗ ಹಸ್ತಪ್ರತಿಗಳನ್ನು ಬುಕ್ ಪೋಸ್ಟಿನಲ್ಲಿ ಕಳುಹಿಸುವುದು ವಾಡಿಕೆ. ಖರ್ಚು ಕಡಿಮೆ, ಆದರೆ ಲಕೋಟೆಯ ಬಾಯಿಗೆ ಅಂಟು ಹಚ್ಚುವಂತಿಲ್ಲ. ಹಾಗಾಗಿ ಸಂಪಾದಕರಿಗಿಂತ ಮೊದಲು ನನ್ನ ಕತೆಗಳನ್ನು ಓದುತ್ತಿದ್ದವರು ನಮ್ಮೂರಿನ ಅಂಚೆಯಣ್ಣ. ಅವರು ಒಳ್ಳೆಯ ಓದುಗರು. ‘ಈ ಸಲದ್ದು ತಿರುಗಿ ಬರುತ್ತದೆ ನೋಡಿ’ ಎಂದು ಹೇಳಿಯೇ ಮುದ್ರೆ ಒತ್ತುತ್ತಿದ್ದರು, ಬರುತ್ತಲೂ ಇತ್ತು. ನಾನೇ ಅಂಚೆಚೀಟಿ ಹಚ್ಚಿ, ನಾನೇ ವಿಳಾಸ ಬರೆದು ಒಳಗಿಟ್ಟಿದ್ದ ಲಕೋಟೆಯನ್ನು ನನಗೇ ಕೊಡುವಾಗ ಅವರ ಮುಖದಲ್ಲಿ ಸಂತಾಪಕ್ಕಿಂತ ಜ್ಯೋತಿಷ ನಿಜವಾದ ಸಮಾಧಾನವೇ ಹೆಚ್ಚಾಗಿರುತ್ತಿತ್ತು.

ಹಳ್ಳಿಯಲ್ಲಿ ಬರೆಯುವವನ ನಿಜವಾದ ಕಷ್ಟ ಕತೆ ತಿರುಗಿ ಬರುವುದಲ್ಲ, ಅಚ್ಚಾಗುವುದು. ಊರೆಂದರೆ ಹತ್ತಿಪ್ಪತ್ತು ಮನೆ. ಕತೆಯಲ್ಲಿ ಒಬ್ಬ ಜಿಪುಣ ಬಂದರೆ, ಆ ಜಿಪುಣ ತಾನೇ ಎಂದು ತಿಳಿದುಕೊಳ್ಳಲು ಕನಿಷ್ಠ ನಾಲ್ವರು ಅರ್ಹರಿರುತ್ತಾರೆ. ಒಮ್ಮೆ ಲಘು ಬರಹವೊಂದರಲ್ಲಿ, ಎರವಲು ತಂದ ಏಣಿಯನ್ನು ತಿರುಗಿ ಕೊಡದ ಮನುಷ್ಯನೊಬ್ಬನನ್ನು ತಂದಿದ್ದೆ. ಸಂಪೂರ್ಣ ಕಲ್ಪನೆಯಿಂದ ಹುಟ್ಟಿದ ಪಾತ್ರವದು. ಅದು ಅಚ್ಚಾದ ವಾರದಲ್ಲಿ ನಮ್ಮ ಅಂಗಳಕ್ಕೆ ಮೂರು ಏಣಿಗಳು ಬಂದವು. ಅವುಗಳಲ್ಲಿ ಎರಡು ನಮ್ಮವೇ ಅಲ್ಲ. ಪಕ್ಕದ ಮನೆಯ ಭಾವ ಮಾತ್ರ ಏಣಿಯನ್ನು ತಾರದೆ ಬರಿಗೈಯಲ್ಲಿ ಬಂದು, ‘ಭಾವ, ನನ್ನನ್ನು ಹಾಕುವುದಾದರೆ ಹೆಸರು ಸಮೇತ ಹಾಕು, ಅರ್ಧಂಬರ್ಧ ಬೇಡ’ ಎಂದು ಎಲೆಯಡಿಕೆ ಬಟ್ಟಲನ್ನು ಮುಂದೆ ಎಳೆದುಕೊಂಡು ಕೂತರು.

ನಗಿಸುವುದಕ್ಕೂ ಒಂದು ಮರ್ಯಾದೆಯುಂಟೆಂಬುದನ್ನು ನಾನು ಕಲಿತದ್ದು ಸೋದರಮಾವನ ಮನೆಯ ಅಟ್ಟದ ಮೇಲೆ, ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ‘ಕೊರವಂಜಿ’ಯ ಹಳೆಯ ಸಂಚಿಕೆಗಳ ರಾಶಿಯ ನಡುವೆ. ಶಿವರಾಂ ವೃತ್ತಿಯಿಂದ ವೈದ್ಯರು. ಎಲ್ಲಿ ಒತ್ತಿದರೆ ನೋಯುತ್ತದೆ, ಎಲ್ಲಿ ಒತ್ತಿದರೆ ಕಚಗುಳಿಯಾಗುತ್ತದೆ ಎಂಬುದು ಅವರಿಗೆ ಗೊತ್ತಿದ್ದೀತು. ಅಷ್ಟು ಕೈಗುಣ ನನಗಿಲ್ಲದಿರುವುದರಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಯಾರ ಮನೆಯ ಜಗಲಿಯಲ್ಲಿ ಮರುದಿನ ಚಹಾ ಕುಡಿಯಲು ಮುಜುಗರವಾಗುತ್ತದೆಯೋ ಅಂಥವರನ್ನು ಬರೆಯುವುದಿಲ್ಲ. ಈ ನಿಯಮದಿಂದ ಕೆಲವು ಒಳ್ಳೆಯ ಕತೆಗಳು ಹಾಳಾಗಿವೆ, ಚಹಾ ಒಮ್ಮೆಯೂ ತಪ್ಪಿಲ್ಲ.

ಈಗ ಕಾಗದದ ರಗಳೆ ಇಲ್ಲ, ಅಂಟಿನದೂ ಇಲ್ಲ. ಪತ್ರಿಕೆಗಳು ಯುನಿಕೋಡಿನಲ್ಲಿ ಬೆರಳಚ್ಚು ಮಾಡಿ ಮಿಂಚಂಚೆಯಲ್ಲಿ ಕಳುಹಿಸಿ ಎನ್ನುತ್ತವೆ. ಪೇಟೆಯ ಅಂಗಡಿಯೊಂದರಲ್ಲಿ ಹಿಂದೊಮ್ಮೆ ಹಳೆಯ ಅಕ್ಷರಶೈಲಿಯಲ್ಲಿ ಮಾಡಿಸಿಟ್ಟ ಕತೆಗಳನ್ನು ತೆರೆದರೆ, ಆ ಶೈಲಿ ಇಲ್ಲದ ಗಣಕದಲ್ಲಿ ಕನ್ನಡದ ಬದಲು ನೆತ್ತಿಗೆ ಗೆರೆ, ಬುಡಕ್ಕೆ ಬಾಲವಿರುವ ಯಾವುದೋ ದೇಶದ ಅಕ್ಷರಗಳು ಎದ್ದು ನಿಲ್ಲುತ್ತವೆ. ಮೊಮ್ಮಗಳು ಅದನ್ನು ಪರಿವರ್ತಿಸಿ ಕೊಟ್ಟಾಗ ಅರ್ಕಾವೊತ್ತುಗಳೆಲ್ಲ ಸ್ಥಾನಪಲ್ಲಟವಾಗಿ, ನನ್ನ ಧರ್ಮಪತ್ನಿಯ ಪಾತ್ರಕ್ಕೆ ಧರ್ಮವೂ ಉಳಿಯಲಿಲ್ಲ, ಪತ್ನಿಯೂ ಉಳಿಯಲಿಲ್ಲ. ಕೊನೆಗೆ ಅವಳೇ, ‘ಅಜ್ಜ, ನೀನು ಸುಮ್ಮನೆ ಮಾತಾಡು, ಫೋನೇ ಬರೆದುಕೊಳ್ಳುತ್ತದೆ’ ಎಂದು ಧ್ವನಿಬರಹವನ್ನು ಹಚ್ಚಿಕೊಟ್ಟಳು.

ಅದಕ್ಕೆ ಸಿಗ್ನಲ್ ಬೇಕು. ಸಿಗ್ನಲ್ ನಮ್ಮಲ್ಲಿ ಸಿಗುವುದು ಹಿಂದಿನ ಗುಡ್ಡದ ಮೇಲೆ, ಇಲ್ಲವೇ ಅಡಿಗೆಮನೆಯ ಕಿಟಕಿಯ ಬಳಿ. ಮೊಣಕಾಲಿನ ಸಲಹೆಯಂತೆ ನಾನು ಕಿಟಕಿಯನ್ನು ಆರಿಸಿಕೊಂಡು, ಕಣ್ಣುಮುಚ್ಚಿ, ಭಾವಪೂರ್ಣವಾಗಿ ಹೇಳತೊಡಗಿದೆ. ಮುಗಿಸಿ ಕಣ್ಣು ತೆರೆದು ನೋಡಿದರೆ ಹೀಗಿತ್ತು: ‘ಮುಸ್ಸಂಜೆಯ ಮೌನದಲ್ಲಿ ಅವಳು ಅವನನ್ನೇ ನೋಡುತ್ತ ಹಾಲು ಉಕ್ಕಿತು ಅಲ್ಲೇ ನಿಂತಿದ್ದೀರಿ ಕಣ್ಣು ಕಾಣುವುದಿಲ್ಲವಾ ಪೂರ್ಣವಿರಾಮ ಅವನ ಹೃದಯದಲ್ಲಿ ಹಚಾ ಹಚಾ ಆ ನಾಯಿಯನ್ನು ಓಡಿಸಿ ಮೊದಲು’. ನನ್ನ ಮಾತುಗಳಲ್ಲಿ ಅಲ್ಲೊಂದು ಇಲ್ಲೊಂದನ್ನು ತಪ್ಪಾಗಿ ಹಿಡಿದಿದ್ದ ಆ ಯಂತ್ರವು ಹೆಂಡತಿಯ ಮಾತನ್ನು ಮಾತ್ರ ಒಂದಕ್ಷರ ಬಿಡದೆ ಹಿಡಿದಿತ್ತು. ಓದಿ ತೋರಿಸಿದಾಗ ಅವಳು, ‘ಇದು ನಿಮ್ಮ ಬೇರೆ ಕತೆಗಳಿಗಿಂತ ಚೆನ್ನಾಗಿದೆ, ನಡೆದದ್ದು ನಡೆದ ಹಾಗೆಯೇ ಇದೆ’ ಎಂದಳು. ಅಂದಿನಿಂದ ಮತ್ತೆ ಪೆನ್ನು ಹಿಡಿದಿದ್ದೇನೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವವರು ರಾತ್ರಿ ಎದ್ದುಹೋದ ಮೇಲೆ, ಹಂಡೆ ಒಲೆಯ ಕೆಂಡ ಇನ್ನೂ ಆರದಿರುವಾಗ ಕೂತು ಬರೆಯುವ ಒಂದು ಗಂಟೆಯ ಸುಖವನ್ನು ನಾನು ಯಾವ ತೋಟದ ಬದಲಿಗೂ ಕೊಡಲಾರೆ. ಕೇಳಿದವರೂ ಇಲ್ಲವೆನ್ನಿ.

ಬರೆದು ಏನು ಸಿಕ್ಕಿತು ಎಂದು ನೆಂಟರು ಕೇಳುತ್ತಾರೆ. ಶಾಲು ಸಿಕ್ಕಿದೆ. ವಯಸ್ಸು ಎಪ್ಪತ್ತು ದಾಟಿದ ಲೇಖಕನನ್ನು ಕಂಡರೆ ಸಂಘಟಕರ ಕೈ ತಾನಾಗಿಯೇ ಶಾಲಿನ ಕಡೆಗೆ ಹೋಗುತ್ತದೆ. ಮಾನಪತ್ರದ ಚೌಕಟ್ಟಿಗೆ ಗೆದ್ದಲು ಹಿಡಿಯುತ್ತದೆ, ಹಣ್ಣಿನ ಬುಟ್ಟಿಯನ್ನು ಬಸ್ಸಿನಿಂದ ಇಳಿದು ಮನೆಗೆ ನಡೆಯುವ ದಾರಿಯಲ್ಲಿ ಮಂಗಗಳು ವಹಿಸಿಕೊಳ್ಳುತ್ತವೆ, ಶಾಲೊಂದು ಮಾತ್ರ ನಿಲ್ಲುವಂಥದ್ದು. ನಮ್ಮ ಸೆಕೆಯಲ್ಲಿ ಅದನ್ನು ಹೊದೆಯುವವರಿಲ್ಲವಾದ್ದರಿಂದ ಪೆಟ್ಟಿಗೆಯಲ್ಲಿ ರಾಶಿ ಬಿದ್ದಿದ್ದವು. ಕಳೆದ ಆಷಾಢದ ಜಡಿಮಳೆಯ ರಾತ್ರಿಯೊಂದರಲ್ಲಿ ಹಸು ಈದು, ಕರು ಚಳಿಗೆ ಗಡಗಡ ನಡುಗುತ್ತಿದ್ದಾಗ, ಹೆಂಡತಿ ಹಿಂದೆ ಮುಂದೆ ನೋಡದೆ ಜರಿ ಅಂಚಿನ ಶಾಲೊಂದನ್ನು ತಂದು ಅದರ ಮೈಗೆ ಸುತ್ತಿ, ಗಂಟು ಬಿಗಿದಳು. ಕರು ಬೆಳಗಾಗುವುದರೊಳಗೆ ಕಾಲೂರಿ ನಿಂತು ಹಾಲು ಕುಡಿಯಿತು. ಈ ಸುದ್ದಿ ಊರಿಗೆಲ್ಲ ಹಬ್ಬಿದೆ. ಮೊನ್ನೆ ಪಕ್ಕದ ಮನೆಯ ಭಾವ ಬೇಲಿಯಾಚೆಯಿಂದಲೇ ನಿಂತು, ತಮ್ಮ ಗೌರಿ ಬರುವ ತಿಂಗಳು ಈಯುತ್ತಾಳೆಂದು ಹೇಳಿ, ನನ್ನ ಮುಂದಿನ ಸನ್ಮಾನ ಯಾವಾಗ ಎಂದು ವಿಚಾರಿಸಿದರು.